ದೂರದ ಕರೆಯ ಬೆಲೆ: ಅಪ್ಲಿಕೇಶನ್ ಸರ್ವರ್ ಆಧಾರಿತ ತಂತ್ರಾಂಶ ಕೊಳ್ಳುವ ಮುನ್ನ

ಕಾರ್ಖಾನೆಗೆ ಒಂದು ಲೇತ್ ಯಂತ್ರ ಕೊಳ್ಳುವಾಗ ಸಣ್ಣ ಉದ್ಯಮಿಗಳು ಬೆಡ್ಡಿನ ಉದ್ದ, ಮೋಟಾರಿನ ಅಶ್ವಶಕ್ತಿ, ಬಿಡಿಭಾಗ ದೊರೆಯುವ ಸ್ಥಳ, ದುರಸ್ತಿಗೆ ಬರುವವರ ವಿಳಾಸ ಇವೆಲ್ಲವನ್ನೂ ವಿಚಾರಿಸಿದ ಮೇಲೆಯೇ ಮುಂಗಡ ಹಣ ಕೊಡುತ್ತಾರೆ. ಅದೇ ಉದ್ಯಮಿಗಳು ಲೇತಿನಷ್ಟೇ ಬೆಲೆ ಬಾಳುವ ವ್ಯವಹಾರ ತಂತ್ರಾಂಶವನ್ನು ಕೊಳ್ಳುವಾಗ ಪರದೆಯ ಅಂದ, ವರದಿಗಳ ಸಂಖ್ಯೆ ಮತ್ತು ಕಂತುಗಳ ಸೌಲಭ್ಯ ಇಷ್ಟನ್ನೇ ನೋಡಿ ಸಹಿ ಹಾಕುವುದುಂಟು. "ಇದು ಜಾವಾ ಆಧಾರಿತ, ಅಪ್ಲಿಕೇಶನ್ ಸರ್ವರ್ ಮೇಲೆ ನಡೆಯುತ್ತದೆ, ಎಲ್ಲಿಂದ ಬೇಕಾದರೂ ಬಳಸಬಹುದು" ಎಂದು ಮಾರಾಟಗಾರರು ಹೇಳಿದರೆ, ಆ ಮಾತಿನ ಅರ್ಥವೇನು ಎಂದು ಕೇಳುವವರು ವಿರಳ. ಆದರೆ ಆ ಒಂದು ವಾಕ್ಯದೊಳಗೇ ಮುಂದಿನ ಹತ್ತು ವರ್ಷಗಳ ಖರ್ಚು, ವೇಗ, ಭದ್ರತೆ ಮತ್ತು ಸ್ವಾತಂತ್ರ್ಯಗಳ ನಿರ್ಣಯ ಅಡಗಿರುತ್ತದೆ.

ಒಂದು ಕಾಲಕ್ಕೆ ಅಂಗಡಿಯ ಮೂಲೆಯ ಒಂದೇ ಗಣಕಯಂತ್ರದಲ್ಲಿ ಮುಗಿಯುತ್ತಿದ್ದ ಲೆಕ್ಕಪತ್ರ ಇಂದು ಹಲವೆಡೆ ಹರಡಿದೆ. ಪೀಣ್ಯದಲ್ಲಿ ಕಾರ್ಖಾನೆ, ಹುಬ್ಬಳ್ಳಿಯಲ್ಲಿ ಗೋದಾಮು, ಪ್ರವಾಸದಲ್ಲಿರುವ ಮಾರಾಟ ಪ್ರತಿನಿಧಿ, ತಮ್ಮ ಕಚೇರಿಯಲ್ಲಿರುವ ಲೆಕ್ಕಪರಿಶೋಧಕರು ಇವರೆಲ್ಲರೂ ಒಂದೇ ದಾಸ್ತಾನು ಪುಸ್ತಕವನ್ನು ನೋಡಬೇಕು. ಇದರ ಜೊತೆಗೆ ಸರ್ಕಾರದ ಜಾಲವೂ ಸೇರಿಕೊಂಡಿದೆ. ವರ್ತಕರಿಂದ ವರ್ತಕರಿಗೆ ನಡೆಯುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಪದ್ಧತಿಯು 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿಗಿಂತ ಹೆಚ್ಚಿನ ವಾರ್ಷಿಕ ವಹಿವಾಟಿನ ಸಂಸ್ಥೆಗಳಿಂದ ಆರಂಭವಾಗಿ, ಮಿತಿ ಇಳಿಯುತ್ತಾ ಬಂದು, 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ಸಂಸ್ಥೆಗಳಿಗೂ ಅನ್ವಯವಾಯಿತು. ಇ-ವೇ ಬಿಲ್ಲನ್ನು ರಾಜ್ಯದೊಳಗಿನ ಸಾಗಾಣಿಕೆಗೂ 2018ರ ಏಪ್ರಿಲ್ 1ರಂದೇ ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ಹೀಗಿರುವಾಗ ಸರ್ವರ್ ನಿಂತರೆ ಬಿಲ್ಲು ನಿಲ್ಲುತ್ತದೆ. ಬಿಲ್ಲು ನಿಂತರೆ ಲಾರಿ ನಿಲ್ಲುತ್ತದೆ. ಆದ್ದರಿಂದ ತಂತ್ರಾಂಶದ ಒಳರಚನೆಯು ಕೇವಲ ತಂತ್ರಜ್ಞರ ವಿಷಯವೆಂದು ವ್ಯಾಪಾರಿಗಳು ಕೈತೊಳೆದುಕೊಳ್ಳುವ ಕಾಲ ಕಳೆದುಹೋಗಿದೆ.

ಘಟಕ ಮತ್ತು ಅದರ ಕಾರ್ಖಾನೆ

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1995ರಲ್ಲಿ ಜಾವಾ ಭಾಷೆಯನ್ನು ಲೋಕಾರ್ಪಣೆ ಮಾಡಿತು. ಬ್ಯಾಂಕು, ವಿಮೆ, ದೂರಸಂಪರ್ಕ ಮೊದಲಾದ ಭಾರಿ ವ್ಯವಹಾರಗಳಿಗೆ ಈ ಭಾಷೆಯನ್ನು ಒಗ್ಗಿಸುವ ಉದ್ದೇಶದಿಂದ 1998ರಲ್ಲಿ ಎಂಟರ್‌ಪ್ರೈಸ್ ಜಾವಾಬೀನ್ಸ್, ಸಂಕ್ಷಿಪ್ತವಾಗಿ ಇ.ಜೆ.ಬಿ., ಎಂಬ ಮಾನಕವು ಪ್ರಕಟವಾಯಿತು. 1999ರ ಕೊನೆಗೆ ಇದನ್ನೊಳಗೊಂಡ ಸಮಗ್ರ ವೇದಿಕೆ ಸಿದ್ಧವಾಯಿತು.

ಈ ಮಾನಕದ ಹಿಂದಿನ ಆಲೋಚನೆ ಕೈಗಾರಿಕೋದ್ಯಮಿಗಳಿಗೆ ಅಪರಿಚಿತವೇನಲ್ಲ. ಕಾರ್ಖಾನೆಯಲ್ಲಿ ಟರ್ನರ್ ಆದವನು ವಿದ್ಯುತ್ ಸಂಪರ್ಕ ಎಳೆಯುವುದಿಲ್ಲ, ಗೇಟು ಕಾಯುವುದಿಲ್ಲ, ಉಗ್ರಾಣದ ಲೆಕ್ಕ ಬರೆಯುವುದಿಲ್ಲ. ಅವನು ಲೋಹ ಕಡೆಯುವ ಕೆಲಸವನ್ನಷ್ಟೇ ಮಾಡುತ್ತಾನೆ. ಉಳಿದೆಲ್ಲವನ್ನೂ ಕಾರ್ಖಾನೆ ಒದಗಿಸುತ್ತದೆ. ಅಂತೆಯೇ ವ್ಯವಹಾರದ ಒಂದೊಂದು ನಿಯಮವನ್ನು, ಉದಾಹರಣೆಗೆ ದರ ನಿಗದಿ, ಸಾಲದ ಮಿತಿಯ ಪರಿಶೀಲನೆ, ದಾಸ್ತಾನಿನ ಇಳಿಕೆ ಮುಂತಾದವನ್ನು, ಒಂದೊಂದು ಘಟಕವಾಗಿ ಬರೆಯಲಾಗುತ್ತದೆ. ಅಪ್ಲಿಕೇಶನ್ ಸರ್ವರ್ ಆ ಘಟಕಗಳ ಕಾರ್ಖಾನೆ. ಯಾರು ಪ್ರವೇಶಿಸಬಹುದು ಎಂಬ ತಪಾಸಣೆ, ಏಕಕಾಲಕ್ಕೆ ಬರುವ ಹಲವರಿಗೆ ಸರದಿಯ ವ್ಯವಸ್ಥೆ, ದತ್ತಸಂಚಯದೊಡನೆ ಸಂಪರ್ಕ, ದೂರದ ಗಣಕದಿಂದ ಬಂದ ಕರೆಯ ಸ್ವೀಕಾರ ಇವೆಲ್ಲವೂ ಸರ್ವರಿನ ಹೊಣೆ.

ಇವೆಲ್ಲಕ್ಕಿಂತ ಬೆಲೆಯುಳ್ಳ ಸೇವೆಯೆಂದರೆ ವಹಿವಾಟಿನ ಅಖಂಡತೆ. ಮಾಲು ಹೊರಗೆ ಹೋದಾಗ ದಾಸ್ತಾನು ಕಡಿಮೆಯಾಗಬೇಕು, ಗಿರಾಕಿಯ ಖಾತೆಗೆ ಖರ್ಚು ಬೀಳಬೇಕು. ಎರಡರಲ್ಲಿ ಒಂದು ಮಾತ್ರ ನಡೆದು ವಿದ್ಯುತ್ ಕೈಕೊಟ್ಟರೆ ಪುಸ್ತಕವೇ ಸುಳ್ಳಾಗುತ್ತದೆ. ಎರಡೂ ಆಗಬೇಕು, ಇಲ್ಲವೇ ಎರಡೂ ಆಗದಿರಬೇಕು ಎಂಬ ಶಿಸ್ತನ್ನು ಸರ್ವರ್ ತಾನಾಗಿ ಪಾಲಿಸುತ್ತದೆ. ಜಮಾ-ಖರ್ಚಿನ ಎರಡು ಬದಿಯೂ ಸರಿಹೊಂದಬೇಕೆಂದು ಬಲ್ಲ ವರ್ತಕರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂತಹ ಶಿಸ್ತು ಬೇಕಾದೆಡೆ ಅಪ್ಲಿಕೇಶನ್ ಸರ್ವರ್ ಹಣಕ್ಕೆ ತಕ್ಕ ವಸ್ತುವೆಂಬುದರಲ್ಲಿ ಎರಡು ಮಾತಿಲ್ಲ.

ಮೊದಲ ದಶಕ ಕಲಿಸಿದ ಪಾಠ

ಆದರೆ ಈ ತಂತ್ರಜ್ಞಾನದ ಮೊದಲ ವರ್ಷಗಳು ಸುಗಮವಾಗಿರಲಿಲ್ಲ. ಆರಂಭದ ಆವೃತ್ತಿಗಳಲ್ಲಿ ಒಂದು ಸಣ್ಣ ನಿಯಮವನ್ನು ಬರೆಯಲು ಕೂಡ ಘಟಕದ ಜೊತೆಗೆ ಎರಡು ಸಂಪರ್ಕ ವಿವರಣೆಗಳನ್ನೂ, ಉದ್ದನೆಯ ಸಂರಚನಾ ಕಡತವನ್ನೂ, ಸರ್ವರ್ ತಯಾರಕರು ಕೇಳುವ ಮತ್ತೊಂದು ಕಡತವನ್ನೂ ಸಿದ್ಧಪಡಿಸಬೇಕಾಗಿತ್ತು. ಒಂದೇ ಯಂತ್ರದೊಳಗಿನ ಎರಡು ಘಟಕಗಳು ಮಾತನಾಡಿಕೊಳ್ಳಬೇಕಾದರೂ ದೂರದ ಕರೆಯ ಶಿಷ್ಟಾಚಾರವನ್ನೇ ಪಾಲಿಸಬೇಕಿತ್ತು. ಪಕ್ಕದ ಕೋಣೆಯವರಿಗೆ ಅಂಚೆಯಲ್ಲಿ ಕಾಗದ ಬರೆದಂತಹ ಪರಿಸ್ಥಿತಿ ಅದು. 2001ರ ಎರಡನೆಯ ಆವೃತ್ತಿಯಲ್ಲಿ ಸ್ಥಳೀಯ ಕರೆಗೆ ಪ್ರತ್ಯೇಕ ಮಾರ್ಗ ದೊರೆಯಿತು.

ರಾಡ್ ಜಾನ್ಸನ್ ಎಂಬ ತಂತ್ರಜ್ಞರು 2002ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅನಗತ್ಯ ಭಾರವನ್ನು ವಿಮರ್ಶಿಸಿದರು. ಅವರ ಆಲೋಚನೆಯಿಂದ ಹುಟ್ಟಿದ ಸ್ಪ್ರಿಂಗ್ ಎಂಬ ಹಗುರ ಚೌಕಟ್ಟಿನ ಮೊದಲ ಪೂರ್ಣ ಆವೃತ್ತಿ 2004ರಲ್ಲಿ ಹೊರಬಂದು ಜನಪ್ರಿಯವಾಯಿತು. ಸ್ಪರ್ಧೆಯ ಫಲವಾಗಿ 2006ರ ಇ.ಜೆ.ಬಿ. ಮೂರನೆಯ ಆವೃತ್ತಿಯು ಹಳೆಯ ವಿಧಿವಿಧಾನಗಳನ್ನು ಬಹುಮಟ್ಟಿಗೆ ಕೈಬಿಟ್ಟಿತು. ಸಾಮಾನ್ಯ ಜಾವಾ ಬರಹದ ಮೇಲೆ ಒಂದು ಗುರುತು ಹಚ್ಚಿದರೆ ಅದು ಘಟಕವಾಗುವಂತಾಯಿತು.

ಈ ಪರಿಷ್ಕರಣೆಯಲ್ಲಿ ಉದ್ಯಮಿಗಳು ಗಮನಿಸಬೇಕಾದ ಅಂಶವೊಂದಿದೆ. ಮೂರನೆಯ ಆವೃತ್ತಿಯಲ್ಲಿ ಘಟಕದ ಬಾಗಿಲು ಸ್ಥಳೀಯವೆಂದೇ ಭಾವಿಸಲಾಗುತ್ತದೆ. ದೂರದಿಂದ ಕರೆಯಲು ಬಿಡಬೇಕಿದ್ದರೆ ಹಾಗೆಂದು ಪ್ರತ್ಯೇಕವಾಗಿ ಗುರುತಿಸಬೇಕು. ಎಂಟು ವರ್ಷಗಳ ಅನುಭವದ ನಂತರ ಮಾನಕ ರೂಪಿಸಿದವರು ತಲುಪಿದ ತೀರ್ಮಾನವೇ ಇದು: ಹತ್ತಿರದ ಕರೆ ಸಹಜ, ದೂರದ ಕರೆ ವಿಶೇಷ. ಬೆಲೆ ತೆತ್ತು ಕಲಿತ ಈ ಪಾಠವನ್ನು ತಂತ್ರಾಂಶ ಕೊಳ್ಳುವವರು ಬಿಟ್ಟಿಯಾಗಿ ಪಡೆಯಬಹುದಾಗಿದೆ.

ದೂರದ ಕರೆಗೆ ತಗಲುವ ಕಾಲ

ಗೋದಾಮಿನಲ್ಲಿರುವ ಗಣಕವು ಕಾರ್ಖಾನೆಯ ಸರ್ವರಿನಲ್ಲಿರುವ ಘಟಕವನ್ನು ಕರೆಯುವ ಬಗೆ ಹೀಗಿದೆ. ಮೊದಲು ಸರ್ವರಿನ ಹೆಸರುಪಟ್ಟಿಯಲ್ಲಿ ಘಟಕವನ್ನು ಹುಡುಕಬೇಕು. ಜಾವಾ ಪರಿಭಾಷೆಯಲ್ಲಿ ಇದು ಜೆ.ಎನ್.ಡಿ.ಐ. ಸೇವೆ, ಅಂದರೆ ದೂರವಾಣಿ ಡೈರೆಕ್ಟರಿ ಇದ್ದಂತೆ. ಅಲ್ಲಿಂದ ಘಟಕದ ಒಬ್ಬ ಪ್ರತಿನಿಧಿ ಗೋದಾಮಿನ ಗಣಕಕ್ಕೆ ಬರುತ್ತಾನೆ. ಆತನಿಗೆ ಹೇಳಿದ ಮಾತೆಲ್ಲ ಕಟ್ಟಾಗಿ ಕಟ್ಟಲ್ಪಟ್ಟು, ಜಾಲದ ಮೂಲಕ ಸಾಗಿ, ಆ ತುದಿಯಲ್ಲಿ ಬಿಚ್ಚಲ್ಪಟ್ಟು, ಕೆಲಸವಾಗಿ, ಉತ್ತರವೂ ಹಾಗೆಯೇ ಮರಳುತ್ತದೆ. ಬರೆಯುವ ತಂತ್ರಜ್ಞರಿಗೆ ಮಾತ್ರ ಇದು ಪಕ್ಕದಲ್ಲೇ ಇರುವ ಘಟಕವನ್ನು ಕರೆದಂತೆ ಒಂದೇ ಸಾಲಾಗಿ ಕಾಣುತ್ತದೆ. ಈ ಸೌಕರ್ಯವೇ ಅಪಾಯದ ಮೂಲವೂ ಆಗಿದೆ.

ಒಂದು ಲೆಕ್ಕವನ್ನು ಪರಿಶೀಲಿಸಬಹುದು. ಒಂದು ಬಿಲ್ಲಿನಲ್ಲಿ 40 ಬಾಬುಗಳಿವೆ ಎಂದಿಟ್ಟುಕೊಳ್ಳೋಣ. ಪ್ರತಿ ಬಾಬಿಗೂ ಹೆಸರು, ದರ, ತೆರಿಗೆ, ದಾಸ್ತಾನು ಎಂದು ನಾಲ್ಕು ಬಾರಿ ಸರ್ವರನ್ನು ಕೇಳುವಂತೆ ತಂತ್ರಾಂಶ ಬರೆದಿದ್ದರೆ ಒಂದು ಬಿಲ್ಲಿಗೆ 160 ಕರೆಗಳಾದವು. ಒಂದೇ ಕಟ್ಟಡದೊಳಗಿನ ಜಾಲದಲ್ಲಿ ಒಂದು ಕರೆಗೆ ಅರ್ಧ ಮಿಲಿಸೆಕೆಂಡು ಹಿಡಿದರೆ ಬಿಲ್ಲು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಸಿದ್ಧ. ಅದೇ ತಂತ್ರಾಂಶವನ್ನು ಬೇರೆ ಊರಿನ ಶಾಖೆಯಿಂದ ಅಂತರ್ಜಾಲದ ಮೂಲಕ ಬಳಸಿ, ಒಂದು ಕರೆಗೆ 30 ಮಿಲಿಸೆಕೆಂಡು ತಗುಲಿದರೆ ಅದೇ ಬಿಲ್ಲಿಗೆ 4.8 ಸೆಕೆಂಡು ಬೇಕು. ತಿಂಗಳ ಕೊನೆಗೆ ಇಂತಹ 1,500 ಬಿಲ್ಲುಗಳ ತಾಳೆಪಟ್ಟಿಯನ್ನು ಇದೇ ಕ್ರಮದಲ್ಲಿ ತಯಾರಿಸಲು ಹೊರಟರೆ ಕಟ್ಟಡದೊಳಗೆ ಎರಡು ನಿಮಿಷದಲ್ಲಿ ಮುಗಿಯುವ ಕೆಲಸ ಶಾಖೆಯಲ್ಲಿ ಎರಡು ಗಂಟೆ ಹಿಡಿಯುತ್ತದೆ. ಯಂತ್ರವೂ ಅದೇ, ಬರಹವೂ ಅದೇ. ಬದಲಾದದ್ದು ದೂರ ಮಾತ್ರ.

ಪ್ರಾತ್ಯಕ್ಷಿಕೆಯ ದಿನ ಈ ದೋಷ ಕಾಣಿಸುವುದಿಲ್ಲ. ಮಾರಾಟಗಾರರ ಲ್ಯಾಪ್‌ಟಾಪಿನಲ್ಲಿ ಸರ್ವರ್, ದತ್ತಸಂಚಯ ಮತ್ತು ಪರದೆ ಮೂರೂ ಒಂದೇ ಕಡೆ ಇರುತ್ತವೆ. ಹಣ ಪಾವತಿಯಾಗಿ, ಶಾಖೆಗೆ ಸಂಪರ್ಕ ಕೊಟ್ಟ ಮೇಲೆ ನಿಧಾನಗತಿ ಗೋಚರಿಸುತ್ತದೆ. ಆಗ "ನಿಮ್ಮ ಅಂತರ್ಜಾಲ ಸಂಪರ್ಕ ಸರಿಯಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಸಂಪರ್ಕದ ಅಗಲವನ್ನು ಹೆಚ್ಚಿಸಿ ದುಪ್ಪಟ್ಟು ಬಾಡಿಗೆ ತೆತ್ತರೂ ಪ್ರಯೋಜನ ಅಲ್ಪ. ಏಕೆಂದರೆ ಇಲ್ಲಿನ ಕೊರತೆ ರಸ್ತೆಯ ಅಗಲದ್ದಲ್ಲ, ಪ್ರಯಾಣಗಳ ಸಂಖ್ಯೆಯದು. ಒಂದು ಲಾರಿಯಲ್ಲಿ ಸಾಗಿಸಬಹುದಾದ ಮಾಲನ್ನು 160 ಸೈಕಲ್ಲುಗಳಲ್ಲಿ ಒಂದರ ನಂತರ ಒಂದರಂತೆ ಕಳುಹಿಸುವವರಿಗೆ ಹೆದ್ದಾರಿ ಕಟ್ಟಿಕೊಟ್ಟು ಫಲವಿಲ್ಲ.

ಪರಿಹಾರ ಸರಳವಾದುದು. ಸಣ್ಣ ಸಣ್ಣ ಘಟಕಗಳೆಲ್ಲ ಸರ್ವರಿನೊಳಗೇ ಪರಸ್ಪರ ಸ್ಥಳೀಯವಾಗಿ ಮಾತನಾಡಿಕೊಳ್ಳಲಿ. ಹೊರಗಿನವರಿಗಾಗಿ ಒಂದೇ ಒಂದು ಮುಂಬಾಗಿಲಿನ ಘಟಕವಿರಲಿ. ಶಾಖೆಯು ಇಡೀ ಬಿಲ್ಲನ್ನು ಒಂದೇ ಕಟ್ಟಾಗಿ ಅದಕ್ಕೆ ಒಪ್ಪಿಸಿ, ಒಂದೇ ಉತ್ತರ ಪಡೆಯಲಿ. 160 ಕರೆಗಳ ಸ್ಥಾನದಲ್ಲಿ ಒಂದು ಕರೆ ಸಾಕು. ವಿತರಿತ ಘಟಕಗಳ ವಿಷಯದಲ್ಲಿ ಮಾರ್ಟಿನ್ ಫೌಲರ್ ಮೊದಲಾದ ತಜ್ಞರು 2002ರಿಂದಲೂ ಇದೇ ಹಿತವಚನ ಹೇಳುತ್ತಾ ಬಂದಿದ್ದಾರೆ. ಆದರೂ ಹೊಸ ಹೊಸ ಹೆಸರುಗಳಲ್ಲಿ ಹಳೆಯ ತಪ್ಪು ಮರುಕಳಿಸುತ್ತಿದೆ. ಮೈಕ್ರೋಸರ್ವಿಸ್ ಎಂಬ ಹೆಸರಿನಲ್ಲಿ ಹತ್ತು ಜನರ ಸಂಸ್ಥೆಯ ಲೆಕ್ಕಪತ್ರವನ್ನು ಇಪ್ಪತ್ತು ತುಂಡುಗಳಾಗಿ ಕತ್ತರಿಸಿ ಜಾಲದುದ್ದಕ್ಕೂ ಹರಡುವ ಪ್ರಸ್ತಾವ ಬಂದರೆ ಉದ್ಯಮಿಗಳು ಎಚ್ಚರ ವಹಿಸತಕ್ಕದ್ದು.

ಉತ್ತರ ಬಾರದ ಕರೆ

ನಿಧಾನಕ್ಕಿಂತ ಗಂಭೀರವಾದ ಇನ್ನೊಂದು ಸಮಸ್ಯೆಯಿದೆ. ಹತ್ತಿರದ ಕರೆಗೆ ಎರಡೇ ಫಲಿತಾಂಶಗಳು: ಕೆಲಸವಾಯಿತು ಅಥವಾ ಆಗಲಿಲ್ಲ. ದೂರದ ಕರೆಗೆ ಮೂರನೆಯದೊಂದುಂಟು: ಆಯಿತೋ ಇಲ್ಲವೋ ತಿಳಿಯದು. ವರ್ತಕರು ದೂರವಾಣಿಯಲ್ಲಿ ನೂರು ಚೀಲ ಮಾಲಿಗೆ ಬೇಡಿಕೆ ಹೇಳುತ್ತಿರುವಾಗ ಸಂಪರ್ಕ ಕಡಿದುಹೋದರೆ, ಆ ಬದಿಯವರು ಕೇಳಿಸಿಕೊಂಡರೋ ಇಲ್ಲವೋ ಎಂಬ ಸಂದೇಹ ಉಳಿಯುತ್ತದೆ. ಮತ್ತೆ ಹೇಳಿದರೆ ಇನ್ನೂರು ಚೀಲ ಬರಬಹುದು; ಹೇಳದಿದ್ದರೆ ಒಂದೂ ಬಾರದಿರಬಹುದು. ಗೋದಾಮಿನ ಗುಮಾಸ್ತರು ಗುಂಡಿ ಒತ್ತಿದ ಕ್ಷಣದಲ್ಲಿ ಸಂಪರ್ಕ ತಪ್ಪಿ, ಅವರು ಮತ್ತೊಮ್ಮೆ ಒತ್ತಿದಾಗ ಒಂದೇ ಮಾಲು ಎರಡು ಬಾರಿ ಖರ್ಚು ಬೀಳುವುದು ಈ ಕಾರಣದಿಂದಲೇ. ಸರ್ವರಿನೊಳಗಿನ ಅಖಂಡತೆಯ ವ್ಯವಸ್ಥೆ ಎಷ್ಟೇ ಸಮರ್ಥವಾಗಿದ್ದರೂ, ಎರಡನೆಯ ಒತ್ತುವಿಕೆಯನ್ನು ಅದು ಹೊಸ ವಹಿವಾಟೆಂದೇ ಭಾವಿಸುತ್ತದೆ.

ಇದಕ್ಕೆ ಮದ್ದು ವರ್ತಕರಿಗೆ ತಿಳಿದದ್ದೇ: ಪ್ರತಿ ಬೇಡಿಕೆಗೂ ಕಳುಹಿಸುವವರೇ ಒಂದು ಕ್ರಮಸಂಖ್ಯೆ ಕೊಡುವುದು. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಹೊಸ ನಮೂದು ಮಾಡದೆ ಹಳೆಯ ಉತ್ತರವನ್ನೇ ಹಿಂದಿರುಗಿಸಬೇಕು. ಇ-ಇನ್‌ವಾಯ್ಸ್ ವ್ಯವಸ್ಥೆಯಲ್ಲೂ ಈ ವಿವೇಕದ ಛಾಯೆಯಿದೆ. ಅಲ್ಲಿ ನೀಡಲಾಗುವ 64 ಅಕ್ಷರಗಳ ಉಲ್ಲೇಖ ಸಂಖ್ಯೆಯು ಸರಬರಾಜುದಾರರ ಜಿ.ಎಸ್.ಟಿ. ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ದಾಖಲೆ ಸಂಖ್ಯೆ ಇವುಗಳಿಂದ ಲೆಕ್ಕ ಹಾಕಲ್ಪಡುತ್ತದೆ. ಹಾಗಾಗಿ ಅದೇ ಬಿಲ್ಲನ್ನು ಮತ್ತೆ ಕಳುಹಿಸಿದರೆ ಪುನರಾವರ್ತನೆಯೆಂದು ತಿರಸ್ಕೃತವಾಗುತ್ತದೆಯೇ ಹೊರತು ಎರಡನೆಯ ಬಿಲ್ಲು ಹುಟ್ಟುವುದಿಲ್ಲ. ಸರ್ಕಾರದ ಜಾಲದೊಡನೆ ವ್ಯವಹರಿಸುವಾಗ ದೊರೆಯುವ ಈ ರಕ್ಷಣೆ ಸ್ವಂತ ಗೋದಾಮಿನೊಡನೆ ವ್ಯವಹರಿಸುವಾಗ ಇಲ್ಲವೆಂದರೆ ಅದು ಸರಿಯಾದ ಕ್ರಮವಲ್ಲ.

ವಿದ್ಯುತ್ ಮತ್ತು ಸಂಪರ್ಕ ಪದೇ ಪದೇ ಕಡಿಯುವ ಸ್ಥಳಗಳಲ್ಲಿ ಇನ್ನೊಂದು ಮಾರ್ಗವೂ ಉಂಟು. ಸಂದೇಶವನ್ನು ಸರತಿಯಲ್ಲಿಟ್ಟು, ಸಂಪರ್ಕ ಬಂದಾಗ ತಲುಪಿಸುವ ವ್ಯವಸ್ಥೆಯನ್ನು ಜಾವಾ ಸರ್ವರುಗಳು 2001ರ ಆವೃತ್ತಿಯಿಂದಲೇ ಸಂದೇಶ-ಚಾಲಿತ ಘಟಕಗಳ ಮೂಲಕ ಬೆಂಬಲಿಸುತ್ತಿವೆ. ಅಂಚೆಪೆಟ್ಟಿಗೆಯಂತಹ ಈ ಕ್ರಮದಲ್ಲಿ ಕಳುಹಿಸುವವರು ಉತ್ತರಕ್ಕಾಗಿ ಕಾದು ಕೂರಬೇಕಾಗಿಲ್ಲ. ಇಲ್ಲೂ ಒಂದೇ ಸಂದೇಶ ಎರಡು ಬಾರಿ ತಲುಪುವ ಸಂಭವವಿರುವುದರಿಂದ ಕ್ರಮಸಂಖ್ಯೆಯ ನಿಯಮ ಅನಿವಾರ್ಯ.

ತೆರೆದಿಟ್ಟ ಬಾಗಿಲು

ದೂರದಿಂದ ಸಿಬ್ಬಂದಿ ಬರಬಹುದಾದ ಬಾಗಿಲಿನಿಂದ ಕಳ್ಳರೂ ಬರಬಹುದು. ಜಾವಾದ ದೂರದ ಕರೆಯಲ್ಲಿ ಬಂದ ಕಟ್ಟನ್ನು ಬಿಚ್ಚುವ ಕ್ರಿಯೆಯನ್ನೇ ದುರುಪಯೋಗಪಡಿಸಿಕೊಂಡು ಸರ್ವರಿನ ಮೇಲೆ ಹಿಡಿತ ಸಾಧಿಸಬಹುದೆಂಬುದು 2015ರಲ್ಲಿ ಬಹಿರಂಗವಾಗಿ, ಪ್ರಸಿದ್ಧ ಸರ್ವರುಗಳೆಲ್ಲ ತುರ್ತು ತಿದ್ದುಪಡಿಗಳನ್ನು ಹೊರಡಿಸಬೇಕಾಯಿತು. 2016ರಲ್ಲಿ ಸ್ಯಾಮ್‌ಸ್ಯಾಮ್ ಎಂಬ ಸುಲಿಗೆ ತಂತ್ರಾಂಶವು ತಿದ್ದುಪಡಿ ಹಾಕದೆ ಬಿಟ್ಟಿದ್ದ ಜೆಬಾಸ್ ಸರ್ವರುಗಳ ಮೂಲಕ ಅಮೆರಿಕದ ಆಸ್ಪತ್ರೆಗಳೂ ಸೇರಿದಂತೆ ಹಲವು ಸಂಸ್ಥೆಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. 2021ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದ ಲಾಗ್‌ಫೋರ್‌ಜೆ ದೋಷವಂತೂ ವಿಶ್ವವ್ಯಾಪಿ ಕಳವಳಕ್ಕೆ ಕಾರಣವಾಯಿತು. ಘಟನಾವಳಿಯನ್ನು ದಾಖಲಿಸುವ ಸಾಮಾನ್ಯ ಉಪಕರಣವೊಂದು, ದಾಖಲಿಸಬೇಕಾದ ಪಠ್ಯದೊಳಗೆ ಬಂದ ವಿಳಾಸವನ್ನು ನಂಬಿ, ಮೇಲೆ ಹೇಳಿದ ಜೆ.ಎನ್.ಡಿ.ಐ. ಸೇವೆಯ ಮೂಲಕ ಅಪರಿಚಿತ ಸರ್ವರಿನಿಂದ ಬರಹವನ್ನು ತಂದು ನಡೆಸುತ್ತಿತ್ತು. ಡೈರೆಕ್ಟರಿಯೇ ಕಳ್ಳರಿಗೆ ದಾರಿ ತೋರಿದಂತಾಯಿತು.

"ಸಣ್ಣ ಸಂಸ್ಥೆಯನ್ನು ಯಾರು ಗುರಿ ಮಾಡುತ್ತಾರೆ?" ಎಂಬ ಸಮಾಧಾನ ಸಲ್ಲದು. ಇಂತಹ ದಾಳಿಗಳಲ್ಲಿ ಹೆಸರು ನೋಡಿ ಆರಿಸುವುದಕ್ಕಿಂತ ತೆರೆದ ಬಾಗಿಲುಗಳನ್ನು ಯಂತ್ರಗಳ ಮೂಲಕ ಹುಡುಕುವುದೇ ಹೆಚ್ಚು. ಇದಲ್ಲದೆ ಕೇಂದ್ರ ಸರ್ಕಾರದ ಸಿ.ಇ.ಆರ್.ಟಿ.-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಸೂಚಿತ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ, ಗಣಕ ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಯ್ದಿಡಬೇಕೆಂದೂ ವಿಧಿಸಿದವು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಇದರಲ್ಲಿ ವಿನಾಯಿತಿ ದೊರೆಯಲಿಲ್ಲ. 2022ರ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ಮಾತ್ರ ದೊರೆಯಿತು.

ಆದ್ದರಿಂದ ಘಟಕಗಳ ದೂರದ ಕರೆಯ ಬಾಗಿಲನ್ನಾಗಲೀ ಸರ್ವರಿನ ಆಡಳಿತ ಪರದೆಯನ್ನಾಗಲೀ ಅಂತರ್ಜಾಲಕ್ಕೆ ನೇರವಾಗಿ ತೆರೆದಿಡುವುದು ಎಂದಿಗೂ ಒಪ್ಪತಕ್ಕ ಮಾತಲ್ಲ. ಶಾಖೆಗಳು ಖಾಸಗಿ ಜಾಲಮಾರ್ಗದ ಮೂಲಕವೇ ಬರಬೇಕು. ಮಾರಾಟ ಪ್ರತಿನಿಧಿಯ ದೂರವಾಣಿಗೂ ಗಿರಾಕಿಯ ತಂತ್ರಾಂಶಕ್ಕೂ ಬೇಕಾದ ಸೇವೆಗಳನ್ನು ಸಾಮಾನ್ಯ ವೆಬ್ ವಿಧಾನದಲ್ಲಿ, ಗುರುತಿನ ತಪಾಸಣೆಯೊಂದಿಗೆ ಒದಗಿಸಬಹುದು. 2009ರ ಜಾವಾ ಆವೃತ್ತಿಯಿಂದಲೇ ಅದೇ ಘಟಕಕ್ಕೆ ವೆಬ್ ಬಾಗಿಲನ್ನು ಜೋಡಿಸುವ ಸೌಲಭ್ಯ ಮಾನಕದಲ್ಲಿದೆ. ಆ ತುದಿಯಲ್ಲಿರುವವರು ಜಾವಾ ಬಳಸುತ್ತಿರಬೇಕೆಂಬ ನಿರ್ಬಂಧವೂ ಇದರಿಂದ ತಪ್ಪುತ್ತದೆ.

ಬೀಗದ ಕೈ ಯಾರಲ್ಲಿ?

ಮುಕ್ತ ಮಾನಕದ ಮೇಲೆ ಬರೆದ ಘಟಕವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸುಲಭವಾಗಿ ಸಾಗಿಸಬಹುದೆಂಬುದು ಈ ತಂತ್ರಜ್ಞಾನದ ಮೂಲ ಭರವಸೆ. ಈ ಭರವಸೆ ಬಹುಪಾಲು ನಿಜ, ಆದರೆ ಪೂರ್ತಿ ನಿಜವಲ್ಲ. ಘಟಕದ ಹೆಸರನ್ನು ಹುಡುಕುವ ಕ್ರಮವು ಕೂಡ 2009ರವರೆಗೆ ಸರ್ವರಿನಿಂದ ಸರ್ವರಿಗೆ ಬೇರೆಯಾಗಿತ್ತು. ಒಡೆತನಗಳೂ ಸ್ಥಿರವಲ್ಲ. ವೆಬ್‌ಲಾಜಿಕ್ ತಯಾರಿಸುತ್ತಿದ್ದ ಬಿ.ಇ.ಎ. ಸಂಸ್ಥೆಯು 2008ರಲ್ಲಿ, ಜಾವಾದ ತವರಾದ ಸನ್ ಸಂಸ್ಥೆಯು 2010ರಲ್ಲಿ ಒರಾಕಲ್ ವಶವಾದವು. ಜೆಬಾಸ್ 2006ರಲ್ಲಿ ರೆಡ್‌ಹ್ಯಾಟ್‌ಗೂ, ರೆಡ್‌ಹ್ಯಾಟ್ 2019ರಲ್ಲಿ ಐ.ಬಿ.ಎಂ.ಗೂ ಸೇರಿದವು. ಗ್ಲಾಸ್‌ಫಿಶ್ ಸರ್ವರಿನ ವಾಣಿಜ್ಯ ಬೆಂಬಲವನ್ನು ಕೈಬಿಡುವುದಾಗಿ ಒರಾಕಲ್ 2013ರಲ್ಲಿ ಘೋಷಿಸಿತು. 2017ರಲ್ಲಿ ಇಡೀ ವೇದಿಕೆಯನ್ನೇ ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಒಪ್ಪಿಸಲು ನಿರ್ಧಾರವಾಗಿ, ಮರುವರ್ಷ ಅದು ಜಕಾರ್ತಾ ಎಂಬ ಹೊಸ ಹೆಸರು ಪಡೆಯಿತು. 2020ರ ಆವೃತ್ತಿಯಲ್ಲಿ ಒಳಗಿನ ಹೆಸರುಗಳೇ ಬದಲಾದ ಕಾರಣ ಹಳೆಯ ಬರಹಗಳನ್ನು ತಿದ್ದದೆ ಹೊಸ ಸರ್ವರಿಗೆ ಒಯ್ಯುವುದು ಸಾಧ್ಯವಿಲ್ಲದಂತಾಯಿತು.

ಮೂಲಬರಹ ಕೈಯಲ್ಲಿರುವ ಸಂಸ್ಥೆಗೆ ಇಂತಹ ಬದಲಾವಣೆ ಕೆಲವು ದಿನಗಳ ಅಥವಾ ವಾರಗಳ ಕೆಲಸ. ಮೂಲಬರಹವಿಲ್ಲದೆ, ಬರೆದುಕೊಟ್ಟವರೂ ಅಂಗಡಿ ಮುಚ್ಚಿ ಹೋಗಿದ್ದರೆ, ತಿದ್ದುಪಡಿ ನಿಂತ ಹಳೆಯ ಸರ್ವರಿನ ಮೇಲೆಯೇ ವ್ಯಾಪಾರ ನಡೆಸುವ ದುಃಸ್ಥಿತಿ ಒದಗುತ್ತದೆ. ಆಗ ಮೇಲೆ ವಿವರಿಸಿದ ಭದ್ರತೆಯ ಅಪಾಯಗಳೆಲ್ಲ ಒಟ್ಟಿಗೆ ಎದುರಾಗುತ್ತವೆ.

ಆಕ್ಷೇಪಗಳು

ಸಣ್ಣ ಸಂಸ್ಥೆಗೆ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಒಂದೇ ಸ್ಥಳದಲ್ಲಿ ಮೂರು ನಾಲ್ಕು ಜನ ನಡೆಸುವ ವ್ಯಾಪಾರಕ್ಕೆ ಸಿದ್ಧ ಲೆಕ್ಕಪತ್ರ ತಂತ್ರಾಂಶವೇ ಸಾಕು. ಅಪ್ಲಿಕೇಶನ್ ಸರ್ವರ್ ಅನಗತ್ಯ ಹೊರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಅನ್ವಯಿಸುತ್ತದೆ. ಆದರೆ ಹಲವು ಸ್ಥಳಗಳು, ಏಕಕಾಲಕ್ಕೆ ಹತ್ತಾರು ಬಳಕೆದಾರರು, ಉತ್ಪಾದನೆ ಮತ್ತು ಮಾರಾಟಗಳ ನಿಕಟ ಸಂಬಂಧ ಇವು ಕೂಡಿಬಂದಾಗ ವ್ಯವಹಾರದ ನಿಯಮಗಳನ್ನು ಒಂದೇ ಕಡೆ ಇಟ್ಟು ಕಾಪಾಡುವ ವ್ಯವಸ್ಥೆ ಬೇಕೇ ಬೇಕು.

ತಿಂಗಳ ಬಾಡಿಗೆಯ ಕ್ಲೌಡ್ ತಂತ್ರಾಂಶ ಬಂದಿರುವಾಗ ಈ ಚಿಂತೆ ಸಂಸ್ಥೆಯದಲ್ಲ ಎಂಬ ವಾದವೂ ಇದೆ. ತಿದ್ದುಪಡಿಯ ಹೊರೆ ಕಡಿಮೆಯಾಗುತ್ತದೆಂಬುದು ಸತ್ಯ. ಆದರೆ ಅಲ್ಲಿ ಎಲ್ಲ ಕರೆಗಳೂ ದೂರದ ಕರೆಗಳೇ. ಕಾರ್ಖಾನೆಯ ತೂಕದ ಯಂತ್ರ, ಬಾರ್‌ಕೋಡ್ ಓದುವ ಸಾಧನ ಅಥವಾ ಹಳೆಯ ದಾಸ್ತಾನು ತಂತ್ರಾಂಶವನ್ನು ಕ್ಲೌಡಿಗೆ ಜೋಡಿಸುವಾಗ ಪ್ರಯಾಣಗಳ ಸಂಖ್ಯೆ, ಉತ್ತರ ಬಾರದ ಕರೆ, ದತ್ತಾಂಶದ ಒಡೆತನ ಈ ಮೂರೂ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಮನೆ ಬಾಡಿಗೆಯದಾದರೂ ಬಾಗಿಲಿಗೆ ಬೀಗವಿದೆಯೇ ಎಂದು ನೋಡಿಕೊಳ್ಳುವುದು ವಾಸಿಸುವವರ ಕರ್ತವ್ಯ.

ಕರಾರಿನಲ್ಲಿ ಇರಬೇಕಾದ ಅಂಶಗಳು

ಈ ಹಿನ್ನೆಲೆಯಲ್ಲಿ ತಂತ್ರಾಂಶ ಖರೀದಿಯ ಕರಾರಿನಲ್ಲಿ ಐದು ಅಂಶಗಳನ್ನು ಸೇರಿಸುವುದು ಹಿತಕರ. ಒಂದನೆಯದು, ಅಂಗೀಕಾರ ಪರೀಕ್ಷೆಯು ಮಾರಾಟಗಾರರ ಗಣಕದಲ್ಲಲ್ಲದೆ ಅತ್ಯಂತ ದೂರದ ಶಾಖೆಯಿಂದ, ನೈಜ ಸಂಪರ್ಕದ ಮೂಲಕ, ತಿಂಗಳ ಕೊನೆಯ ಪ್ರಮಾಣದ ದತ್ತಾಂಶದೊಂದಿಗೆ ನಡೆಯಬೇಕು. ಒಂದು ಬಿಲ್ಲಿಗೆ ಎಷ್ಟು ಕರೆಗಳೆಂಬುದನ್ನು ಲಿಖಿತವಾಗಿ ತಿಳಿಸಬೇಕು. ಎರಡನೆಯದು, ವಹಿವಾಟಿನ ನಡುವೆ ಜಾಲದ ತಂತಿಯನ್ನು ಕಿತ್ತು, ಮತ್ತೆ ಜೋಡಿಸಿ, ಅದೇ ನಮೂದನ್ನು ಪುನಃ ಕಳುಹಿಸಿ, ದಾಸ್ತಾನು ಒಮ್ಮೆ ಮಾತ್ರ ಇಳಿದಿದೆಯೆಂದು ತೋರಿಸಬೇಕು. ಮೂರನೆಯದು, ಅಂತರ್ಜಾಲಕ್ಕೆ ತೆರೆದಿರುವ ಬಾಗಿಲುಗಳ ಪಟ್ಟಿಯನ್ನು ಕೊಡಬೇಕು. ಭದ್ರತಾ ತಿದ್ದುಪಡಿಗಳನ್ನು ನಿಗದಿತ ದಿನಗಳೊಳಗೆ ಅಳವಡಿಸುವುದು ವಾರ್ಷಿಕ ನಿರ್ವಹಣಾ ಶುಲ್ಕದೊಳಗೇ ಸೇರಿರಬೇಕು. ನಾಲ್ಕನೆಯದು, ಮೂಲಬರಹ ಅಥವಾ ಮಾರಾಟಗಾರರು ವ್ಯವಹಾರ ನಿಲ್ಲಿಸಿದಲ್ಲಿ ಅದನ್ನು ಪಡೆಯುವ ಹಕ್ಕು, ಮತ್ತು ಎಲ್ಲ ದತ್ತಾಂಶವನ್ನೂ ಓದಬಹುದಾದ ರೂಪದಲ್ಲಿ ಯಾವಾಗ ಬೇಕಾದರೂ ಹೊರತೆಗೆಯುವ ಹಕ್ಕು ಖರೀದಿದಾರರಿಗಿರಬೇಕು. ಐದನೆಯದು, ಬಳಸಿರುವ ಸರ್ವರಿನ ಮತ್ತು ಜಾವಾದ ಆವೃತ್ತಿ ಯಾವುದು, ಅದಕ್ಕೆ ಬೆಂಬಲ ಯಾವ ವರ್ಷದವರೆಗೆ ಎಂಬುದು ಕರಾರಿನಲ್ಲೇ ನಮೂದಾಗಬೇಕು.

ಈ ಐದರಲ್ಲಿ ಯಾವುದಕ್ಕೂ ಉದ್ಯಮಿಗಳು ಜಾವಾ ಕಲಿಯಬೇಕಾಗಿಲ್ಲ. ಎರಡನೆಯ ಪರೀಕ್ಷೆಗೆ ಬೇಕಾದದ್ದು ಒಂದು ತಂತಿ ಮತ್ತು ಐದು ನಿಮಿಷ ಮಾತ್ರ. ಸಮರ್ಥ ಮಾರಾಟಗಾರರು ಇವನ್ನು ಸ್ವಾಗತಿಸುತ್ತಾರೆ, ಏಕೆಂದರೆ ಕಡಿಮೆ ದರ ಹೇಳಿ ಮೂಲೆ ಕತ್ತರಿಸುವ ಪ್ರತಿಸ್ಪರ್ಧಿಗಳಿಂದ ಅವರಿಗೂ ಇದರಿಂದ ರಕ್ಷಣೆ ದೊರೆಯುತ್ತದೆ. ಹಿಂಜರಿಯುವವರು ಯಾರೆಂಬುದು ಸಹಿ ಹಾಕುವ ಮುನ್ನವೇ ತಿಳಿದುಬರುವುದು ಇನ್ನೊಂದು ಲಾಭ.

ಒಬ್ಬೊಬ್ಬ ಸಣ್ಣ ಉದ್ಯಮಿ ಪ್ರತ್ಯೇಕವಾಗಿ ಕೇಳಿದಾಗ ಈ ಷರತ್ತುಗಳಿಗೆ ಬೆಲೆ ದೊರೆಯದಿರಬಹುದು. ವಾಣಿಜ್ಯ ಸಂಸ್ಥೆಗಳು ಮಾದರಿ ಕರಾರುಪತ್ರವೊಂದನ್ನು ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಿದರೆ, ಅಂಗೀಕಾರ ಪರೀಕ್ಷೆಗೆ ನೆರವಾಗುವ ತಂತ್ರಜ್ಞರೊಬ್ಬರ ಸೇವೆಯನ್ನು ಹಲವರು ಹಂಚಿಕೊಂಡು ಪಡೆಯುವ ಏರ್ಪಾಡು ಮಾಡಿದರೆ, ಪರಿಸ್ಥಿತಿ ಬದಲಾದೀತು. ಯಂತ್ರೋಪಕರಣಗಳ ವಿಷಯದಲ್ಲಿ ಸದಸ್ಯರು ಪರಸ್ಪರ ಅನುಭವ ಹಂಚಿಕೊಳ್ಳುವ ಪರಿಪಾಠ ಹಿಂದಿನಿಂದಲೂ ಇದೆ. ಅದನ್ನು ತಂತ್ರಾಂಶಕ್ಕೂ ವಿಸ್ತರಿಸುವುದು ಕಷ್ಟವಲ್ಲ. ಜಗತ್ತಿನ ನಾನಾ ಕಡೆಯ ಬ್ಯಾಂಕುಗಳಿಗೂ ವಿಮಾ ಸಂಸ್ಥೆಗಳಿಗೂ ಇಂತಹ ತಂತ್ರಾಂಶ ಬರೆದುಕೊಡುವ ತಂತ್ರಜ್ಞರು ಬೆಂಗಳೂರಿನಲ್ಲೇ ಇರುವಾಗ, ಅದೇ ಊರಿನ ಸಣ್ಣ ಕಾರ್ಖಾನೆಯು ಸರಿಯಾದ ಪ್ರಶ್ನೆ ಕೇಳಲಾಗದೆ ನಷ್ಟ ಅನುಭವಿಸಬೇಕಾದ ಕಾರಣವಿಲ್ಲ. ಮುಂದಿನ ಆರ್ಥಿಕ ವರ್ಷದ ಖರೀದಿಗಳು ನಿರ್ಧಾರವಾಗುವ ಮುನ್ನ ಈ ಕಾರ್ಯ ಆರಂಭವಾಗುವುದು ಅಪೇಕ್ಷಣೀಯ.